ನುರಿತ ಕೆಲಸಗಾರರು ಬಿಟ್ಟು ಹೋಗುವುದೇಕೆ? ಪೀಣ್ಯದ ಒಂದು ಟೂಲ್‌ರೂಮಿನಿಂದ ಆರಂಭವಾದ ಚರ್ಚೆ

ಟೂಲ್‌ರೂಮ್ ಮಾಲೀಕ, ಪೀಣ್ಯ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಹದಿನೇಳು ವರ್ಷಗಳಿಂದ ಒಂದು ಸಣ್ಣ ಟೂಲ್‌ರೂಮ್ ನಡೆಸುತ್ತಿದ್ದೇನೆ. ಪ್ಲಾಸ್ಟಿಕ್ ವಸ್ತುಗಳ ಅಚ್ಚು (ಮೋಲ್ಡ್) ಮತ್ತು ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಟೂಲ್ ತಯಾರಿಕೆ ನಮ್ಮ ಕೆಲಸ. ನನ್ನನ್ನೂ ಸೇರಿಸಿ 34 ಜನರಿದ್ದೇವೆ. ಕಳೆದ ತಿಂಗಳು ನಮ್ಮ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ) ಯಂತ್ರಗಳ ಸೆಟ್ಟರ್, ಅಂದರೆ ಪ್ರತಿ ಕೆಲಸಕ್ಕೂ ಯಂತ್ರವನ್ನು ಹೊಂದಿಸುವವರು, ಕೆಲಸ ಬಿಟ್ಟರು. ಆರು ವರ್ಷ ನಮ್ಮಲ್ಲಿದ್ದವರು. ಯಂತ್ರದ ಬಾಗಿಲ ಮೇಲೆ ಅಂಗೈ ಇಟ್ಟು, ಒಳಗೆ ಕಟ್ಟರ್‌ನ ಅಂಚು ಹೋಗಿದೆ ಎಂದು ಹೇಳುತ್ತಿದ್ದರು. ನಿಲ್ಲಿಸಿ ತೆಗೆದು ನೋಡಿದರೆ ಹೋಗಿಯೇ ಇರುತ್ತಿತ್ತು. ಇಂಥ ಕೈ ತಯಾರಾಗಲು ವರ್ಷಗಳು ಬೇಕೆಂಬುದು ಈ ಕಸುಬಿನವರಿಗೆಲ್ಲ ಗೊತ್ತು.

ಅವರು ರಾಜೀನಾಮೆಯ ಪತ್ರ ಕೊಟ್ಟ ದಿನ ನಾನು ತಿಂಗಳಿಗೆ 6,000 ರೂಪಾಯಿ ಹೆಚ್ಚು ಕೊಡುತ್ತೇನೆಂದೆ. "ಬೇಡ ಸರ್, ಅಲ್ಲಿ ಮಾತು ಕೊಟ್ಟಾಗಿದೆ" ಎಂದು ನಯವಾಗಿಯೇ ಹೇಳಿದರು. ಆ ರಾತ್ರಿ ಸಂಬಳದ ಪುಸ್ತಕ ತೆರೆದು ನೋಡಿದಾಗ ನನಗೇ ನಾಚಿಕೆಯಾಯಿತು. ಅವರ ಸಂಬಳ 29,000. ಅವರ ಕೈಕೆಳಗೆ ಕಲಿಯಲೆಂದು ಎಂಟು ತಿಂಗಳ ಹಿಂದೆ ಸೇರಿಸಿಕೊಂಡವರ ಸಂಬಳ 31,500. ಮಾರುಕಟ್ಟೆಯ ದರ ಅಷ್ಟಿತ್ತು, ಆದ್ದರಿಂದ ಹೊಸಬರಿಗೆ ಅಷ್ಟು ಕೊಟ್ಟೆ. ಹಳಬರು ಕೇಳಲಿಲ್ಲ, ಆದ್ದರಿಂದ ಅವರಿಗೆ ಕೊಡಲಿಲ್ಲ. ಇದಕ್ಕಿಂತ ಹೆಚ್ಚಿನ ಕಾರಣ ನನ್ನ ಬಳಿ ಇಲ್ಲ.

ಆದರೆ ನನ್ನನ್ನು ಇಲ್ಲಿ ಬರೆಯುವಂತೆ ಮಾಡಿದ್ದು ಇನ್ನೊಂದು ವಿಷಯ. ಅವರ ಡ್ರಾಯರ್‌ನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಸಿಕ್ಕಿತು. ಮುಂದೆ ಬರುವವರಿಗೆ ಉಪಯೋಗವಾಗಲಿ ಎಂದು ಬಿಟ್ಟುಹೋಗಿದ್ದರು. ಯಾವ ಜಾಬ್‌ಗೆ ಎಷ್ಟು ಆಫ್‌ಸೆಟ್ (ಅಳತೆಯ ಹೊಂದಾಣಿಕೆ), ಯಾವ ಉಕ್ಕಿಗೆ ಎಷ್ಟು ವೇಗ, ಎಲ್ಲವೂ ಅದರಲ್ಲಿದೆ. ನಡುವೆ ಒಂದು ಪುಟದಲ್ಲಿ ಪೆನ್ಸಿಲ್‌ನಿಂದ ಬರೆದ ಫಿಕ್ಸ್ಚರ್ (ಬಿಡಿಭಾಗವನ್ನು ಯಂತ್ರದಲ್ಲಿ ಬಿಗಿಯಾಗಿ ಹಿಡಿದಿಡುವ ಸಾಧನ) ಚಿತ್ರ. ನಾವು ಒಂದೊಂದಾಗಿ, ಪ್ರತಿಯೊಂದಕ್ಕೂ ನಲವತ್ತು ನಿಮಿಷ ಹಿಡಿದು ಸೆಟ್ ಮಾಡುತ್ತಿದ್ದ, ಅಚ್ಚಿನೊಳಗೆ ಕೂರುವ ನಾಲ್ಕು ಇನ್ಸರ್ಟ್‌ಗಳನ್ನು ಒಂದೇ ಸಲ ಕೂರಿಸಿ, ಒಂದೇ ಬಾರಿಗೆ ಝೀರೋ, ಅಂದರೆ ಅಳತೆಯ ಆರಂಭದ ಬಿಂದು, ಹಿಡಿಯುವ ಉಪಾಯ ಅದು. ಹನ್ನೊಂದು ತಿಂಗಳ ಹಿಂದಿನ ತಾರೀಖು. ಅದರ ಕೆಳಗೆ ಒಂದು ಸಾಲು: "ಸರ್‌ಗೆ ಹೇಳಿದೆ. ನೋಡೋಣ ಅಂದರು."

ನನಗೆ ಅದು ನೆನಪೇ ಇಲ್ಲ. ಕೆಲಸಗಾರರೂ ಮಾಲೀಕರೂ ಇಬ್ಬರೂ ಇಲ್ಲಿದ್ದೀರಿ. ನೀವು ಒಂದು ಜಾಗ ಬಿಟ್ಟದ್ದು ಯಾಕೆ, ಉಳಿದದ್ದು ಯಾಕೆ, ನಿಮ್ಮವರನ್ನು ಉಳಿಸಿಕೊಂಡದ್ದು ಹೇಗೆ ಎಂಬುದನ್ನು ದಯವಿಟ್ಟು ಬಿಚ್ಚಿ ಹೇಳಿ.

ನಿವೃತ್ತ ಫೋರ್‌ಮನ್, ಜಾಲಹಳ್ಳಿ

ಮಾಲೀಕರೇ, ತಪ್ಪನ್ನು ಮರೆಮಾಚದೆ ಬರೆದಿದ್ದೀರಿ, ಸಂತೋಷ. ನಾನು 1973ರಲ್ಲಿ ಯಂತ್ರೋಪಕರಣ ತಯಾರಿಸುವ ಸರ್ಕಾರಿ ಕಾರ್ಖಾನೆಯಾದ ಎಚ್‌ಎಂಟಿಗೆ ಅಪ್ರೆಂಟಿಸ್ ಆಗಿ ಸೇರಿದವನು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಕಲಿಸುವುದಕ್ಕೇ ಪ್ರತ್ಯೇಕ ವಿಭಾಗವಿತ್ತು. ಮೊದಲ ತಿಂಗಳುಗಳಲ್ಲಿ ಯಂತ್ರ ಮುಟ್ಟಲೂ ಬಿಡುತ್ತಿರಲಿಲ್ಲ. ಅರ ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡುತ್ತಾ ಕೂರಬೇಕಿತ್ತು. ಮನೆ, ಮಕ್ಕಳಿಗೆ ಶಾಲೆ, ಆಸ್ಪತ್ರೆ, ಕ್ಯಾಂಟೀನ್, ಬಸ್ಸು ಎಲ್ಲವನ್ನೂ ಕಾರ್ಖಾನೆಯೇ ಕೊಟ್ಟಿತ್ತು. ಹೀಗಾಗಿ ಕೆಲಸ ಬಿಡುವುದೆಂದರೆ ಇಡೀ ಸಂಸಾರವನ್ನು ಬೇರು ಸಹಿತ ಕಿತ್ತು ಬೇರೆ ಕಡೆ ನೆಟ್ಟಂತೆ ಆಗುತ್ತಿತ್ತು, ನಮ್ಮಲ್ಲಿ ಹೆಚ್ಚಿನವರು ಬಿಡಲಿಲ್ಲ.

ಆದರೂ ಒಳ್ಳೆಯ ಕೈಗಳು ಅಲ್ಲಿಂದಲೂ ಹೊರಟವು, ಇದನ್ನು ಗಮನಿಸಿ. ಎಚ್‌ಎಂಟಿ, ಬಿಇಎಲ್, ಐಟಿಐ (ದೂರವಾಣಿ ಕಾರ್ಖಾನೆ) ಹೀಗೆ ಸರ್ಕಾರಿ ಕಾರ್ಖಾನೆಗಳಲ್ಲಿ ಕಲಿತವರು ರಾಜ್ಯ ಹಣಕಾಸು ಸಂಸ್ಥೆಯಿಂದ ಸಾಲ ಪಡೆದು, ಒಂದು ಲೇತ್, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ರಾಜಾಜಿನಗರದಲ್ಲೂ ಪೀಣ್ಯದಲ್ಲೂ ಶೆಡ್ ಹಾಕಿದರು. ಅವರಿಗೆ ಮನೆಯ ಚಿಂತೆ ಇರಲಿಲ್ಲವೆಂದಲ್ಲ. ನಮ್ಮಲ್ಲಿ ಬಡ್ತಿ ಬರುತ್ತಿದ್ದದ್ದು ಸೇವಾ ಹಿರಿತನದಿಂದ. ಹತ್ತು ಮೈಕ್ರಾನ್‌ನಲ್ಲಿ ಕೆಲಸ ಮುಗಿಸುವವನೂ, ಪಾಳಿ ಮುಗಿಯುವುದನ್ನೇ ಕಾಯುವವನೂ ಒಂದೇ ಮೆಟ್ಟಿಲನ್ನು ಒಂದೇ ದಿನ ಹತ್ತುತ್ತಿದ್ದರು. ನನ್ನ ಪಕ್ಕದ ಯಂತ್ರದಲ್ಲಿದ್ದ ಗೆಳೆಯ ಹೊರಡುವಾಗ "ಇಲ್ಲಿ ನನ್ನ ಕೈಗೆ ಹೊಸ ಕೆಲಸ ಉಳಿದಿಲ್ಲ" ಎಂದು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಭದ್ರತೆಯಿಂದ ಮನುಷ್ಯನನ್ನು ಉಳಿಸಿಕೊಳ್ಳಬಹುದು. ಅವನ ಕಸುಬನ್ನು ಉಳಿಸಿಕೊಳ್ಳಲು ಬೇರೆಯದೇ ಬೇಕು.

ಮಾನವ ಸಂಪನ್ಮೂಲ ವಿಭಾಗ, ಸಾಫ್ಟ್‌ವೇರ್ ಕಂಪನಿ, ಬೆಂಗಳೂರು

ನಾನು ಹದಿನಾಲ್ಕು ವರ್ಷಗಳಿಂದ ನೇಮಕಾತಿಯ ಮತ್ತು ನಿರ್ಗಮನದ ಎರಡೂ ಬಾಗಿಲುಗಳಲ್ಲಿ ನಿಂತು ನೋಡಿದವಳು. ಸಂಬಳದ ಬಗ್ಗೆ ಮಾಲೀಕರು ಬರೆದದ್ದು ಸಾಫ್ಟ್‌ವೇರ್ ಕ್ಷೇತ್ರದಲ್ಲಿ 2021 ಮತ್ತು 2022ರಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಒಳಗಿದ್ದವರಿಗೆ ವರ್ಷದ ಹೆಚ್ಚಳ ಒಂದಂಕಿಯಲ್ಲಿ ಬರುತ್ತಿದ್ದಾಗ, ಅದೇ ಕೆಲಸಕ್ಕೆ ಹೊರಗಿನಿಂದ ಬಂದವರಿಗೆ ಅದರ ಹಲವು ಪಟ್ಟು ಕೊಡಲಾಯಿತು. ಕಂಪನಿಯಲ್ಲೇ ಇದ್ದು ಬೆಳೆಯುವುದಕ್ಕಿಂತ ಬಿಟ್ಟು ಹೋಗಿ ಬೆಳೆಯುವುದು ಸುಲಭವೆಂದು ನಾವೇ ನಮ್ಮ ನೌಕರರಿಗೆ ಕಲಿಸಿದೆವು. ಇನ್ಫೋಸಿಸ್ ಪ್ರಕಟಿಸಿದ ಲೆಕ್ಕದಂತೆ 2022ರ ಜೂನ್‌ಗೆ ಕೊನೆಗೊಂಡ ಹನ್ನೆರಡು ತಿಂಗಳಲ್ಲಿ ತಾವಾಗಿಯೇ ಬಿಟ್ಟವರ ಪ್ರಮಾಣ ಶೇ 28.4 ಇತ್ತು. 2024ರ ಮಾರ್ಚ್ ಹೊತ್ತಿಗೆ ಅದು ಶೇ 12.6ಕ್ಕೆ ಇಳಿಯಿತು. ನನ್ನ ಅಭಿಪ್ರಾಯದಲ್ಲಿ ಈ ಇಳಿಕೆಯನ್ನು ಕಂಪನಿಗಳು ತಮ್ಮ ಸಾಧನೆಯೆಂದು ಹೇಳಿಕೊಳ್ಳಬಾರದು. ಹೊರಗೆ ಕೆಲಸ ಕಡಿಮೆಯಾದದ್ದರಿಂದ ಇಡೀ ಕ್ಷೇತ್ರದಲ್ಲಿ ಜನರು ಇದ್ದಲ್ಲೇ ಇದ್ದರು. ಯಾರೂ ಬಿಡುತ್ತಿಲ್ಲ ಎಂದಮಾತ್ರಕ್ಕೆ ಎಲ್ಲರೂ ನೆಮ್ಮದಿಯಾಗಿದ್ದಾರೆ ಎಂದು ತಿಳಿದರೆ, ಮಾರುಕಟ್ಟೆ ಮತ್ತೆ ತೆರೆದ ದಿನ ಕಣ್ಣು ಬಿಡಬೇಕಾಗುತ್ತದೆ.

ರಾಜೀನಾಮೆ ಬಂದ ಮೇಲೆ ಹೆಚ್ಚಿಗೆ ಕೊಡುತ್ತೇನೆ ಎನ್ನುವುದರ ಬಗ್ಗೆಯೂ ಒಂದು ಮಾತು. ಆ ಹಣವನ್ನು ಒಪ್ಪಿಕೊಂಡು ಉಳಿದ ಹಲವರು ವರ್ಷದೊಳಗೆ ಮತ್ತೆ ಪತ್ರ ಹಿಡಿದು ಬಂದದ್ದನ್ನು ನಾನು ಕಂಡಿದ್ದೇನೆ. ಇಷ್ಟು ಕೊಡಲು ಸಾಧ್ಯವಿದ್ದರೆ ಇಷ್ಟು ದಿನ ಕೊಡಲಿಲ್ಲವೇಕೆ ಎಂಬ ಪ್ರಶ್ನೆ ಅವರ ಮನಸ್ಸಿನಿಂದ ಹೋಗುವುದಿಲ್ಲ, ಮತ್ತು ಆ ಪ್ರಶ್ನೆ ನ್ಯಾಯವಾದದ್ದು. ಬಿಟ್ಟು ಹೋಗುವವರನ್ನು ಕೂರಿಸಿಕೊಂಡು ಒಂದು ಗಂಟೆ ಮಾತನಾಡಿಸುವ ಪದ್ಧತಿ ಹಲವು ಕಂಪನಿಗಳಲ್ಲಿ ಇದೆ. ಅದೇ ಒಂದು ಗಂಟೆಯನ್ನು ಇನ್ನೂ ಇರುವವರಿಗೆ ವರ್ಷಕ್ಕೆ ಎರಡು ಸಲ ಕೊಟ್ಟರೆ, ನಿಮ್ಮ ಸೆಟ್ಟರ್ ನೋಟ್‌ಬುಕ್‌ನಲ್ಲಿ ಬರೆದ ಸಾಲನ್ನು ನಿಮ್ಮೆದುರಿಗೇ ಹೇಳುತ್ತಿದ್ದರು. ನಾನು ಮೂರೇ ಪ್ರಶ್ನೆ ಕೇಳುತ್ತೇನೆ: ಈ ವಾರ ಯಾವ ಕೆಲಸ ಮನಸ್ಸಿಗೆ ಹಿಡಿಸಿತು, ಯಾವುದು ಬೇಸರ ತರಿಸಿತು, ಇಲ್ಲಿ ಏನು ಬದಲಾದರೆ ಹೊರಗಿನ ಕರೆ ಬಂದಾಗ ಎತ್ತುವುದಿಲ್ಲ. ಮೂರನೆಯದಕ್ಕೆ ಮೊದಲ ಭೇಟಿಯಲ್ಲಿ ಯಾರೂ ಉತ್ತರಿಸುವುದಿಲ್ಲ. ಮೊದಲ ಎರಡು ಉತ್ತರಗಳಿಗೆ ನಾವು ಏನಾದರೂ ಮಾಡಿದ್ದನ್ನು ಕಂಡ ಮೇಲೆ, ಎರಡನೇ ಭೇಟಿಯಲ್ಲಿ ಹೇಳುತ್ತಾರೆ.

ಸಿಎನ್‌ಸಿ ಪ್ರೋಗ್ರಾಮರ್, ದೇವನಹಳ್ಳಿ

ನಾನು ಬಿಟ್ಟು ಹೋದವರ ಸಾಲಿಗೆ ಸೇರಿದವನು. ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ, ಅಂದರೆ ನಮ್ಮೆಲ್ಲರ ಜಿಟಿಟಿಸಿಯಲ್ಲಿ, ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಓದಿದೆ. 1972ರಲ್ಲಿ ಡೆನ್ಮಾರ್ಕ್‌ನ ನೆರವಿನಿಂದ ಶುರುವಾದ ಆ ಸಂಸ್ಥೆಯಿಂದ ಹೊರಬರುವವರನ್ನು ಕಾರ್ಖಾನೆಗಳು ಕಾದು ಕರೆದೊಯ್ಯುತ್ತವೆ, ಆದ್ದರಿಂದ ನಮಗೆ ಕೆಲಸ ಸಿಗುವುದು ಕಷ್ಟವಲ್ಲ. ನನ್ನ ಮೊದಲ ಕೆಲಸ ಪಶ್ಚಿಮ ಬೆಂಗಳೂರಿನ ಒಂದು ಸಣ್ಣ ಘಟಕದಲ್ಲಿ. ನಾಲ್ಕು ವರ್ಷ ಎರಡು ತಿಂಗಳು ಇದ್ದೆ.

ಬಿಟ್ಟ ಕಾರಣಗಳನ್ನು ಯೋಚಿಸಿದರೆ ಸಂಬಳ ಕೊನೆಗೆ ಬರುತ್ತದೆ. ಮೊದಲನೆಯದು, ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ನನಗೆ ಸಿಕ್ಕದ್ದು ಇನ್ನಷ್ಟು ಕೆಲಸ. ರಿಜೆಕ್ಟ್ ಆದ ಜಾಬ್, ರಾತ್ರಿ ಪಾಳಿಯ ತುರ್ತು, ಭಾನುವಾರದ ಟ್ರಯಲ್ ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ಕೆಲಸ ಕದಿಯುವವರು ಶನಿವಾರ ಐದಕ್ಕೆ ಮನೆಗೆ ಹೋಗುತ್ತಿದ್ದರು. ಎರಡನೆಯದು, ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇದ್ದಾಗ ಎರಡು ದಿನ ರಜೆ ಕೇಳಿದೆ. ಮೇಲ್ವಿಚಾರಕರು ಎಲ್ಲರೆದುರು, ಯಂತ್ರದ ಸದ್ದಿಗಿಂತ ಜೋರಾಗಿ, "ನಿಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲವಾ" ಎಂದು ಕೇಳಿದರು. ರಜೆ ಕೊಟ್ಟರು. ಆದರೆ ನಾನು ಮನಸ್ಸಿನಲ್ಲಿ ಕೆಲಸ ಬಿಟ್ಟದ್ದು ಅವತ್ತೇ. ಪತ್ರ ಕೊಟ್ಟದ್ದು ಏಳು ತಿಂಗಳ ನಂತರ. ಮೂರನೆಯದು, ಅಲ್ಲಿದ್ದದ್ದು ಮೂರು ದಿಕ್ಕಿನಲ್ಲಷ್ಟೇ ಚಲಿಸುವ ಮೂರು-ಆಕ್ಸಿಸ್ ಯಂತ್ರಗಳು ಮಾತ್ರ. ಯಂತ್ರದ ಪ್ರೋಗ್ರಾಮ್ ತಯಾರಿಸುವ ಕ್ಯಾಮ್ ಸಾಫ್ಟ್‌ವೇರನ್ನು ಸ್ವಂತ ಖರ್ಚಿನಿಂದ ಕಲಿತು ಬಂದರೂ ಪ್ರೋಗ್ರಾಮ್ ಬರೆಯಲು ಬಿಡಲಿಲ್ಲ. ಕಲಿಸಿದರೆ ಹೋಗಿಬಿಡುತ್ತೀಯ ಎಂದರು. ಕಲಿಯಲು ಬಿಡದ ಕಾರಣಕ್ಕೇ ನಾನು ಹೋದೆ. ಈಗ ವಿಮಾನದ ಬಿಡಿಭಾಗ ಮಾಡುವ ಘಟಕದಲ್ಲಿ ಇನ್ನೂ ಸಂಕೀರ್ಣವಾದ ಐದು-ಆಕ್ಸಿಸ್ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುತ್ತೇನೆ. ಮನೆಯಿಂದ ದೂರ ಹೆಚ್ಚಾಗಿದೆ, ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಹೋಗುತ್ತದೆ. ಆದರೂ ವಾಪಸ್ ಹೋಗುವ ಯೋಚನೆ ಬಂದಿಲ್ಲ.

ಎರಕದ ಕಾರ್ಖಾನೆ, ಉದ್ಯಮಬಾಗ್, ಬೆಳಗಾವಿ

ಎಲ್ಲರ ಮಾತೂ ಸರಿಯಿದೆ, ಆದರೆ ಮಾಲೀಕನ ಜೇಬನ್ನೂ ಒಮ್ಮೆ ನೋಡಬೇಕು. ಎರಕದ ಅಚ್ಚು ಮಾಡುವ ನಮ್ಮ ಮೋಲ್ಡರ್‌ಗಳಿಗೆ ಕೊಲ್ಹಾಪುರದಿಂದ ಕರೆ ಬರುತ್ತಲೇ ಇರುತ್ತದೆ. ಅವರಿಗೆ ಹೆಚ್ಚು ಕೊಡಬೇಕೆಂಬ ಮನಸ್ಸು ನನಗೂ ಇದೆ. ಆದರೆ ನನ್ನಿಂದ ಕಾಸ್ಟಿಂಗ್ ಕೊಳ್ಳುವ ದೊಡ್ಡ ಗಿರಾಕಿ ಹಣ ಕೊಡುವುದು ತೊಂಬತ್ತು ದಿನಕ್ಕೆ, ಕೆಲವೊಮ್ಮೆ ನೂರಿಪ್ಪತ್ತು ದಿನಕ್ಕೆ. ನಾನು ಸಂಬಳ ಕೊಡಬೇಕಾದದ್ದು ಏಳನೇ ತಾರೀಖಿಗೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯಿದೆಯ ಪ್ರಕಾರ ಸಣ್ಣ ಘಟಕಕ್ಕೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ಚಕ್ರಬಡ್ಡಿ ಸೇರಿಸಿ ಕೊಡಬೇಕು. ಆದಾಯ ತೆರಿಗೆ ಕಾಯಿದೆಗೆ ತಂದ ತಿದ್ದುಪಡಿ 2024ರ ಏಪ್ರಿಲ್‌ನಿಂದ ಜಾರಿಗೆ ಬಂದು, ಗಡುವು ಮೀರಿದ ಬಾಕಿಯನ್ನು ಪಾವತಿ ಮಾಡುವವರೆಗೆ ಕೊಳ್ಳುವವರು ಖರ್ಚೆಂದು ತೋರಿಸುವಂತಿಲ್ಲ. ಕಾಯಿದೆ ನಮ್ಮ ಪರವಾಗಿಯೇ ಇದೆ. ಆದರೆ ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ತಿಂಗಳ ಆರ್ಡರ್ ಕಳೆದುಕೊಳ್ಳುವ ಧೈರ್ಯ ಎಷ್ಟು ಸಣ್ಣ ಮಾಲೀಕರಿಗಿದೆ?

ನುರಿತವರು ದೊಡ್ಡ ಕಾರ್ಖಾನೆಗೆ ಹೋಗುವುದಕ್ಕೂ, ಆ ದೊಡ್ಡ ಕಾರ್ಖಾನೆಗಳು ನಮ್ಮ ಹಣವನ್ನು ಹಿಡಿದಿಟ್ಟುಕೊಳ್ಳುವುದಕ್ಕೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತೇನೆ.

ವಾಣಿಜ್ಯ ಉಪನ್ಯಾಸಕ, ಹುಬ್ಬಳ್ಳಿ

ಬೆಳಗಾವಿಯವರ ಕಷ್ಟ ನಿಜ. ಆದರೆ ಬಿಟ್ಟು ಹೋಗುವವರಿಂದಾಗುವ ಖರ್ಚು ನಮ್ಮ ಪುಸ್ತಕದಲ್ಲಿ ಯಾವ ಖಾತೆಯಲ್ಲೂ ಕಾಣುವುದಿಲ್ಲ. ಅದು ರಿಜೆಕ್ಟ್‌ನಲ್ಲಿ, ತಡವಾದ ಡೆಲಿವರಿಯಲ್ಲಿ, ಮುರಿದ ಕಟ್ಟರ್‌ನಲ್ಲಿ ಚದುರಿಹೋಗಿರುತ್ತದೆ. ಇದನ್ನು ಮೊದಲು ಲೆಕ್ಕ ಹಾಕಿದವರಲ್ಲಿ ಹೆನ್ರಿ ಫೋರ್ಡ್ ಒಬ್ಬರು. 1913ರಲ್ಲಿ ಡೆಟ್ರಾಯಿಟ್ ಬಳಿಯ ಅವರ ಕಾರ್ಖಾನೆಯಲ್ಲಿ ಸುಮಾರು 14,000 ಜನರನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ವರ್ಷಕ್ಕೆ 52,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಗಿತ್ತು. ಚಲಿಸುವ ಜೋಡಣೆ ಸಾಲಿನಲ್ಲಿ ದಿನವಿಡೀ ಒಂದೇ ಬೋಲ್ಟ್ ಬಿಗಿಯುವ ಕೆಲಸವನ್ನು ಜನ ಸಹಿಸಲಿಲ್ಲ. 1914ರ ಜನವರಿಯಲ್ಲಿ ಅವರು ದಿನದ ಗಳಿಕೆಯನ್ನು ಐದು ಡಾಲರ್‌ಗೆ, ಅಂದರೆ ಸುಮಾರು ಎರಡು ಪಟ್ಟಿಗೆ, ಏರಿಸಿ ಪಾಳಿಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರು. ಬಿಡುವವರ ಸಂಖ್ಯೆ ತೀವ್ರವಾಗಿ ಇಳಿಯಿತು. ಆದರೆ ಆ ಪೂರ್ತಿ ಹಣ ಪಡೆಯಲು ಕೆಲಸಗಾರನ ಮನೆಗೆ ಕಂಪನಿಯ ತನಿಖಾಧಿಕಾರಿಗಳು ಬಂದು, ಅವನು ಕುಡಿಯುತ್ತಾನೆಯೇ, ಮನೆ ಚೊಕ್ಕಟವಾಗಿದೆಯೇ ಎಂದು ನೋಡಿ ಹೋಗುತ್ತಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು. ಹೆಚ್ಚು ಕೂಲಿ ಕೊಟ್ಟವನು ಮನುಷ್ಯನನ್ನೇ ಕೊಂಡುಕೊಂಡಂತೆ ನಡೆದುಕೊಂಡರೆ ಆ ಉಳಿಕೆಗೆ ಮರ್ಯಾದೆಯಿಲ್ಲ.

ವಕೀಲೆ, ಬೆಂಗಳೂರು

ಇಷ್ಟು ವರ್ಷ ಕೆಲಸ ಬಿಡುವುದಿಲ್ಲವೆಂದು ಬಾಂಡ್ ಬರೆಸಿಕೊಂಡರೆ ಸಾಲದೇ ಎಂದು ಯಾರಾದರೂ ಕೇಳುವ ಮೊದಲೇ ಬರೆಯುತ್ತೇನೆ. 1872ರ ಕರಾರು ಕಾಯಿದೆಯ 27ನೇ ಕಲಮಿನಂತೆ, ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಬಾರದು ಎಂಬ ಷರತ್ತು ನಿಲ್ಲುವುದಿಲ್ಲ. ಆದರೆ ಕೆಲಸದಲ್ಲಿ ಇರುವ ಅವಧಿಯ ಷರತ್ತು ಬೇರೆ ವಿಷಯ. ನಮ್ಮ ರಾಜ್ಯದಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಹೈಕೋರ್ಟ್ ತಳ್ಳಿಹಾಕಿತ್ತು. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಬಹಿರಂಗ ನೇಮಕಾತಿಗೆ ಮಾಡುವ ಖರ್ಚು ಮತ್ತು ಹಿಡಿಯುವ ಕಾಲವನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತು. ಈ ತೀರ್ಪನ್ನು ಹಿಡಿದುಕೊಂಡು, ಏನನ್ನೂ ಕಲಿಸದ ಘಟಕವೊಂದು ಬಡ ಹುಡುಗನಿಂದ ದುಡ್ಡು ವಸೂಲಿ ಮಾಡಬಹುದೆಂದು ಯಾರೂ ಭಾವಿಸಬಾರದು. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳುವುದಂತೂ ಸರಿಯಲ್ಲ. ಅಂಥ ಹಕ್ಕನ್ನು ಯಾವ ಕಾನೂನೂ ಮಾಲೀಕರಿಗೆ ಕೊಟ್ಟಿಲ್ಲ.

ಇನ್ನೊಂದು: ಆರು ವರ್ಷ ದುಡಿದ ನಿಮ್ಮ ಸೆಟ್ಟರ್‌ಗೆ ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಸಿಗುವ ಮೊತ್ತ, ಸಲ್ಲಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ಎಂದಿಟ್ಟುಕೊಂಡರೆ, ಅದನ್ನು 26ರಿಂದ ಭಾಗಿಸಿ 15ರಿಂದಲೂ ಆರು ವರ್ಷದಿಂದಲೂ ಗುಣಿಸಿದಾಗ ಸುಮಾರು 62,300 ರೂಪಾಯಿ ಆಗುತ್ತದೆ. ಮೂವತ್ತು ದಿನಗಳೊಳಗೆ ಕೊಡಬೇಕು. ಹೋದವರಿಗೆ ಸಲ್ಲಬೇಕಾದದ್ದು ಹೇಗೆ ಸಂದಿತು ಎಂಬುದನ್ನು ಉಳಿದ 33 ಜನರೂ ನೋಡುತ್ತಿರುತ್ತಾರೆ.

ಗುಣಮಟ್ಟ ಪರೀಕ್ಷಕಿ, ದಾಸರಹಳ್ಳಿ

ಇಲ್ಲಿಯವರೆಗೆ ಬಂದ ಮಾತೆಲ್ಲವೂ ಹೆಚ್ಚಾಗಿ ಗಂಡಸರ ಕೆಲಸದ ಸುತ್ತಲೇ ಇದೆ. ನಾನು ಸಿಎಂಎಂ ಯಂತ್ರದಲ್ಲಿ ಅಳತೆ ಮಾಡುವವಳು. ಹಿಂದಿನ ಕಾರ್ಖಾನೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು. 2017ರ ತಿದ್ದುಪಡಿಯಂತೆ ನನಗೆ 26 ವಾರಗಳ ಹೆರಿಗೆ ರಜೆ ಸಿಕ್ಕಿತು, ಅದರಲ್ಲಿ ತಕರಾರಿಲ್ಲ. ಅದೇ ತಿದ್ದುಪಡಿಯಲ್ಲಿ ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತ್ತು. ಅದಕ್ಕೆಂದು ತೋರಿಸಿದ ಕೋಣೆಯಲ್ಲಿ ಹಳೆಯ ಪ್ಯಾಕಿಂಗ್ ಡಬ್ಬಗಳಿದ್ದವು. ಆದರೂ ಮಗುವನ್ನು ಅತ್ತೆಯವರ ಬಳಿ ಬಿಟ್ಟು ಹೋಗುತ್ತಿದ್ದೆ. ಕೆಲಸ ಬಿಡುವಂತೆ ಮಾಡಿದ್ದು ಬೇರೆ. ರಜೆ ಮುಗಿಸಿ ಬಂದ ದಿನ ನನ್ನ ಯಂತ್ರದ ಮುಂದೆ ಬೇರೊಬ್ಬರಿದ್ದರು. ನನಗೆ ವರದಿಗಳನ್ನು ಫೈಲ್ ಮಾಡುವ ಮೇಜು ಕೊಟ್ಟು, "ಮಗು ಚಿಕ್ಕದಲ್ಲವಾ, ಹಗುರವಾದ ಕೆಲಸ ಮಾಡಮ್ಮ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬಹುದು. ನಾನು ಒಂಬತ್ತು ವರ್ಷ ಕಲಿತ ಕೆಲಸವನ್ನು ನನ್ನನ್ನು ಒಂದು ಮಾತು ಕೇಳದೆ ಕಿತ್ತುಕೊಂಡರು ಎಂಬುದಷ್ಟೇ ನನಗೆ ತಿಳಿದದ್ದು. ಐದು ತಿಂಗಳಲ್ಲಿ ಬಿಟ್ಟೆ. ಈಗಿನ ಜಾಗದಲ್ಲಿ ಸಂಬಳ ಸರಿಸುಮಾರು ಅಷ್ಟೇ, ಆದರೆ ಯಂತ್ರ ನನ್ನದು.

ಹೋಟೆಲ್ ಉದ್ಯಮಿ, ಉಡುಪಿ

ಚಿಕ್ಕದಾಗಿ ಹೇಳುತ್ತೇನೆ. ಹನ್ನೆರಡು ವರ್ಷ ನಮ್ಮ ಅಡುಗೆಮನೆ ನೋಡಿಕೊಂಡ ಭಟ್ಟರು ತಮ್ಮದೇ ಹೋಟೆಲ್ ಮಾಡುತ್ತೇನೆ ಎಂದಾಗ ನಾನು ತಡೆಯಲಿಲ್ಲ, ಗಣಹೋಮದ ದಿನ ಹೋಗಿ ನಿಂತೆ. ಅವರು ಹೊರಡುವ ಮುಂಚೆ ಇಬ್ಬರನ್ನು ತಯಾರು ಮಾಡಿಕೊಟ್ಟರು. ಎಲ್ಲರನ್ನೂ ಉಳಿಸಿಕೊಳ್ಳಲೇಬೇಕೆಂಬ ಹಠ ಬೇಡ. ಹೋಗುವವರು ಮೂರು ತಿಂಗಳ ಮುಂಚೆ ಹೆದರದೆ ಬಂದು ಹೇಳುವಂತಿದ್ದರೆ ಅರ್ಧ ತೊಂದರೆ ಇರುವುದಿಲ್ಲ.

ಟೂಲ್‌ರೂಮ್ ಮಾಲೀಕ, ಪೀಣ್ಯ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ಏಕೆಂದರೆ ಏನನ್ನಾದರೂ ಮಾಡಿದ ಮೇಲೆ ಬರೆಯಬೇಕೆಂದಿತ್ತು.

ಗ್ರಾಚ್ಯುಟಿ ಸಂದಾಯವಾಗಿದೆ. ಸಂಬಳದ ಪುಸ್ತಕದಲ್ಲಿ ಹೊಸಬರಿಗಿಂತ ಹಿಂದೆ ಬಿದ್ದಿದ್ದ ಏಳು ಮಂದಿ ಹಳಬರು ಸಿಕ್ಕರು. ಅವರನ್ನು ಸರಿಗಟ್ಟಲು ತಿಂಗಳಿಗೆ 19,000 ರೂಪಾಯಿ ಹೆಚ್ಚು ಬೇಕು. ಬೆಳಗಾವಿಯವರು ಹೇಳಿದ ಹಣದ ಬಿಗಿತ ನಮಗೂ ಇರುವುದರಿಂದ ಎರಡು ಕಂತಿನಲ್ಲಿ ಮಾಡುತ್ತೇನೆಂದು ಅವರನ್ನು ಕೂರಿಸಿಕೊಂಡು ಲೆಕ್ಕ ತೋರಿಸಿ ಹೇಳಿದೆ. ಮೊದಲನೆಯದು ಈ ತಿಂಗಳಿನ ಸಂಬಳದಲ್ಲಿ ಹೋಗುತ್ತದೆ. ದೇವನಹಳ್ಳಿಯವರು ಬರೆದದ್ದನ್ನು ಓದಿ ಭಾನುವಾರದ ಟ್ರಯಲ್‌ಗಳ ಪಟ್ಟಿ ತೆಗೆಸಿದೆ: ಕಳೆದ ವರ್ಷದ ಇಪ್ಪತ್ತೆರಡರಲ್ಲಿ ಹದಿನೆಂಟಕ್ಕೆ ಬಂದವರು ಅದೇ ಸೆಟ್ಟರ್. ಈಗ ಸರದಿ ಹಾಕಿದ್ದೇವೆ. ನಮ್ಮಲ್ಲಿ ಸೆಟ್ಟರ್ ಆದ ಮೇಲೆ ಇದ್ದ ಒಂದೇ ಮೆಟ್ಟಿಲು ಮೇಲ್ವಿಚಾರಕನದು, ಅಂದರೆ ಯಂತ್ರ ಬಿಟ್ಟು ಹಾಜರಿ ಪುಸ್ತಕ ಹಿಡಿಯುವುದು. ಯಂತ್ರದ ಮುಂದೆಯೇ ಇದ್ದು ಮೇಲ್ವಿಚಾರಕನಷ್ಟೇ ಸಂಬಳ ಪಡೆಯುವ ಒಂದು ಹುದ್ದೆಯನ್ನು ಮಾಡಬೇಕೆಂದಿದ್ದೇನೆ. ಹೆಸರು ಇನ್ನೂ ನಿಶ್ಚಯವಾಗಿಲ್ಲ, ಹುಡುಗರೇ ಒಂದು ಹೆಸರು ಹೇಳುತ್ತೇವೆ ಎಂದಿದ್ದಾರೆ.

ಫಿಕ್ಸ್ಚರ್ ಮಾಡಿಸಿದೆವು. ಚಿತ್ರದಲ್ಲಿ ಒಂದು ಅಳತೆ ಅಳಿಸಿಹೋಗಿತ್ತು, ಆದ್ದರಿಂದ ಸಂಕೋಚದಿಂದಲೇ ಅವರಿಗೆ ಫೋನ್ ಮಾಡಿದೆ. ಫೋನ್‌ನಲ್ಲಿ ಹೇಳಿದರೆ ಆಗುವುದಿಲ್ಲ ಎಂದು ಕಳೆದ ಭಾನುವಾರ ಬೆಳಿಗ್ಗೆ ತಾವೇ ಬಂದರು. ಹನ್ನೊಂದು ತಿಂಗಳ ಹಿಂದೆ ನಾನು ಏನು ಮಾಡುತ್ತಿದ್ದೆನೋ ನೆನಪಿಲ್ಲ, ಆದರೆ ಕೇಳಿಸಿಕೊಳ್ಳಬೇಕಿತ್ತು ಎಂದು ಅವರಿಗೆ ಹೇಳಿದೆ. ಅವರು ಏನೂ ಹೇಳಲಿಲ್ಲ. ವಾಪಸ್ ಬರುತ್ತೀರಾ ಎಂದು ನಾನು ಕೇಳಲಿಲ್ಲ. ಹೊಸ ಜಾಗದಲ್ಲಿ ಚೆನ್ನಾಗಿದ್ದಾರೆ. ನಾಲ್ಕು ಇನ್ಸರ್ಟ್‌ಗಳನ್ನು ಕೂರಿಸಿ, ಡಯಲ್ ಇಟ್ಟು, ಝೀರೋ ಹಿಡಿಯುವುದನ್ನು ತಮ್ಮ ಕೈಕೆಳಗೆ ಇದ್ದ ಹುಡುಗನಿಂದಲೇ ಎರಡು ಸಲ ಮಾಡಿಸಿದರು. ಮೊದಲ ಸಲ ಐವತ್ತೈದು ನಿಮಿಷ ಹಿಡಿಯಿತು, ಎರಡನೇ ಸಲ ಮೂವತ್ತೆಂಟು. ಹುಡುಗ ಆ ನೋಟ್‌ಬುಕ್ಕನ್ನು ತಾನು ಇಟ್ಟುಕೊಳ್ಳಬಹುದೇ ಎಂದು ನನ್ನನ್ನು ಕೇಳಿದ. ನಾನು ಅವರ ಕಡೆ ನೋಡಿದೆ. ಇಟ್ಟುಕೋ, ಮುಂದಿನ ಪುಟದಿಂದ ನೀನು ಬರೆ ಎಂದು ಅವರೇ ಹೇಳಿದರು.